ಬೀಸುವ ಕಲ್ಲು ಕಲಿಸಿದ ತೈ ಚಿ

ಕಳೆದ ವರ್ಷ ಕೊಟ್ಟೂರೇಶ್ವರನ ತೇರು ಮುಗಿದ ವಾರಕ್ಕೆ ನಮ್ಮಜ್ಜಿ ಬಚ್ಚಲುಮನೆ ಹೊಸ್ತಿಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಕೊಟ್ಟೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹರಪನಹಳ್ಳಿ ದಾಟಿ ದಾವಣಗೆರೆಗೆ ಕರೆದೊಯ್ದು ಆಪರೇಷನ್ ಮಾಡಿಸಿದ್ದಾಯಿತು. ವಾಕರ್ ಹಿಡಿದು, ಪಕ್ಕದಲ್ಲಿ ಅವ್ವನನ್ನು ಆನಿಸಿಕೊಂಡು ಒಂದಿಷ್ಟು ದಿನ ಕಳೆದವು. ಮೂರು ತಿಂಗಳ ಮೇಲೆ ಎಕ್ಸ್‌ರೇ ನೋಡಿದ ಡಾಕ್ಟರು, ‘ಮೂಳೆ ಚೆನ್ನಾಗಿ ಕೂಡಿದೆ ಅಜ್ಜಿ. ಇನ್ನು ಕೋಲು ಹಿಡಿದು ಧೈರ್ಯವಾಗಿ ಓಡಾಡಿ’ ಎಂದರು.

ಅಜ್ಜಿ ಓಡಾಡಲಿಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಅಷ್ಟೇ. ವ್ಯಾಯಾಮದ ಹಾಳೆಯೊಂದನ್ನು ಕೊಟ್ಟಿದ್ದರು. ‘ಕಾಲನ್ನು 30 ಡಿಗ್ರಿ ಎತ್ತಿ, 10 ಎಣಿಸಿ, ಇಳಿಸಿ’ ಎಂದೆಲ್ಲ ಇತ್ತು. ಅದು ಗೋಡೆಯ ಕ್ಯಾಲೆಂಡರಿನ ಹಿಂದೆ ಸೇರಿಕೊಂಡಿತ್ತು. ರಜೆಗೆ ಹೋದಾಗ ಯಾಕಜ್ಜಿ ಎಂದು ಕೇಳಿದೆ.

‘ನೋವಿಲ್ಲಪ್ಪ ತಮ್ಮಾ. ಕಾಲು ಎತ್ತಿದ್ರ ಸಾಕು, ಬಿದ್ದಂಗ ಕಾಣಸ್ತೈತಿ’ ಎಂದಳು.

ಆ ಮಾತು ನನ್ನೊಳಗೆ ಬಹಳ ದಿನ ಉಳಿಯಿತು. ಮೂಳೆ ಕೂಡಿದ್ದರೂ ಬಿದ್ದ ಚಿತ್ರ ಹೋಗಿರಲಿಲ್ಲ. ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದಾಳೆ ಎಂದು ನಾವಂದುಕೊಂಡಿದ್ದೆವು. ನಿಜವಾಗಿ ಅಜ್ಜಿ ಬೀಳುವುದನ್ನೇ ದಿನಕ್ಕೆ ನೂರು ಸಲ ಮನಸ್ಸಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಳು.

ನನಗದು ಬೇಗ ಅರ್ಥವಾಗಲು ಕಾರಣವಿತ್ತು. ನಾನೂ ಅದನ್ನೇ ಮಾಡುತ್ತಿದ್ದೆ.

ಬಿಇ ಮೂರನೇ ಸೆಮಿಸ್ಟರಿನಲ್ಲಿ ಮ್ಯಾಥ್ಸ್ ಬ್ಯಾಕ್ ಬಿದ್ದಿತ್ತು. ಆಮೇಲೆ ಪುಸ್ತಕ ತೆರೆದರೆ ಸಾಕು, ಪರೀಕ್ಷಾ ಹಾಲ್, ಖಾಲಿ ಉತ್ತರಪತ್ರಿಕೆ, ಮನೆಯಲ್ಲಿ ಅಪ್ಪನ ಮುಖ ಸಾಲಾಗಿ ಕಾಣುತ್ತಿದ್ದವು. ರಾತ್ರಿ ಎರಡಾದರೂ ನಿದ್ದೆ ಇಲ್ಲ. ಒಬ್ಬ ಸೀನಿಯರ್ ಅಣ್ಣ ಹಾಸ್ಟೆಲ್ ಟೆರೇಸಿನ ಮೇಲೆ ಬೆಳಿಗ್ಗೆ ಮೊಬೈಲ್ ನೋಡಿಕೊಂಡು ತೈ ಚಿ ಮಾಡುತ್ತಿದ್ದ. ‘ನಿಧಾನಕ್ಕೆ ಕೈಕಾಲು ಆಡಿಸೋದು, ತಲೆ ತಣ್ಣಗಾಗುತ್ತೆ, ಬಾ’ ಎಂದ. ಹೋದೆ.

ತೈ ಚಿ ಚೀನಾದ ಸಮರಕಲೆ. ಪೂರ್ತಿ ಹೆಸರು ತೈಜಿಚುವಾನ್. ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯೊಂದರಲ್ಲಿ 17ನೇ ಶತಮಾನದಲ್ಲಿ ಬೆಳೆದದ್ದು ಎನ್ನುತ್ತಾರೆ. ಇಂದು ಪಾರ್ಕುಗಳಲ್ಲಿ ಹಿರಿಯರೆಲ್ಲ ಮಾಡುವ, 24 ಭಂಗಿಗಳ ಸರಳ ರೂಪವನ್ನು ಚೀನಾದ ಕ್ರೀಡಾ ಆಯೋಗ 1956ರಲ್ಲಿ ಸಿದ್ಧಪಡಿಸಿತು. 2020ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನಾನು ಎಂಜಿನಿಯರಿಂಗ್ ಹುಡುಗನಲ್ಲವೇ, ಎಂಜಿನಿಯರಿಂಗ್ ರೀತಿಯಲ್ಲೇ ಕಲಿಯಲು ಹೊರಟೆ. ವಿಡಿಯೊ ನಿಲ್ಲಿಸಿ ಮೊಣಕೈ ಎಷ್ಟು ಡಿಗ್ರಿ, ಪಾದ ಎಷ್ಟು ಅಂತರ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡು ವಾರ ಕಳೆದರೂ ನಾಲ್ಕು ಭಂಗಿ ದಾಟಲಿಲ್ಲ. ಕೈ ನೆನಪಾದರೆ ಕಾಲು ಮರೆಯುತ್ತಿತ್ತು, ಕಾಲು ನೆನಪಾದರೆ ಉಸಿರು ಕಟ್ಟುತ್ತಿತ್ತು.

ದಾರಿ ತೋರಿಸಿದ್ದು ನನ್ನ ರೂಮ್‌ಮೇಟಿನ ತಾತ. ಹರಪನಹಳ್ಳಿ ಕಡೆಯವರು. ವಯಸ್ಸಿನಲ್ಲಿ ಗರಡಿಮನೆಯ ಮಣ್ಣು ಮೈಗೆ ಮೆತ್ತಿಕೊಂಡವರು. ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋದಾಗ ಗೆಳೆಯ ನಗುತ್ತಾ ನನ್ನ ತೈ ಚಿಯ ಸುದ್ದಿ ಹೇಳಿದ. ‘ಮಾಡು ನೋಡೋಣ’ ಎಂದರು ತಾತ. ಮಾಡಿದೆ. ಎರಡು ಬೆರಳಿನಿಂದ ಎದೆಗೆ ಮುಟ್ಟಿದರು, ಹಿಂದಕ್ಕೆ ವಾಲಿದೆ.

‘ಕಾಲು ನೋಡ್ಬ್ಯಾಡ. ಹುಣಸಿಮರ ಕಂಡೀಯಿಲ್ಲೋ? ಅಂಗಾಲಿನಿಂದ ಅದರ ಬೇರು ನೆಲಕ್ಕ ಇಳದಾವ ಅಂದ್ಕೋ. ಈಗ ನಿಂದ್ರು’ ಎಂದರು.

ಹಾಗೇ ಅಂದುಕೊಂಡು ನಿಂತೆ. ಮತ್ತೆ ಮುಟ್ಟಿದರು. ಈ ಸಲ ವಾಲಲಿಲ್ಲ. ಮಂಡಿ ತಾನಾಗಿಯೇ ಸ್ವಲ್ಪ ಮಡಿಚಿತ್ತು, ಹೆಗಲು ಇಳಿದಿತ್ತು. ಎರಡು ವಾರದಿಂದ ಡಿಗ್ರಿ ಲೆಕ್ಕದಲ್ಲಿ ನಾನು ಹುಡುಕುತ್ತಿದ್ದ ನಿಲುವು ಒಂದು ಹುಣಸೆಮರದಿಂದ ಬಂದುಬಿಟ್ಟಿತ್ತು.

ಹಾಸ್ಟೆಲಿಗೆ ಬಂದು ತೈ ಚಿ ಭಂಗಿಗಳ ಹೆಸರನ್ನು ಹೊಸದಾಗಿ ಓದಿದೆ. ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಕಾಡುಕುದುರೆಯ ಜೂಲು ಬಿಡಿಸುವುದು, ಗುಬ್ಬಿಯ ಬಾಲ ಹಿಡಿಯುವುದು, ಮೋಡದಂತೆ ಕೈ ಆಡಿಸುವುದು, ಕಡಲ ತಳದ ಸೂಜಿ ಎತ್ತುವುದು. ಇವೆಲ್ಲ ಅಲಂಕಾರಕ್ಕೆ ಇಟ್ಟ ಹೆಸರುಗಳು ಎಂದುಕೊಂಡಿದ್ದೆ. ಅಲ್ಲ, ಪಾಠವೇ ಅಲ್ಲಿದೆ. ಬೆಕ್ಕಿನಂತೆ ಹೆಜ್ಜೆ ಇಡು, ಗೂಡಿನಿಂದ ರೇಷ್ಮೆ ಎಳೆ ತೆಗೆದಂತೆ ಚಲಿಸು, ನೆತ್ತಿಗೆ ದಾರ ಕಟ್ಟಿ ಮೇಲಿನಿಂದ ತೂಗುಬಿಟ್ಟಂತೆ ತಲೆ ಇರಲಿ ಎಂದೇ ಹಳೆಯ ಗುರುಗಳು ಹೇಳಿಕೊಟ್ಟದ್ದು. ಬಲ ಬಳಸಬೇಡ, ಮನಸ್ಸನ್ನು ಬಳಸು ಎಂಬುದು ಯಾಂಗ್ ಚೆಂಗ್‌ಫು ಎಂಬ ಗುರು ಹೇಳಿದ ಹತ್ತು ಸೂತ್ರಗಳಲ್ಲಿ ಒಂದು.

ನಮ್ಮಲ್ಲೂ ಇದು ಹೊಸದಲ್ಲ. ಯೋಗಾಸನಗಳ ಹೆಸರು ನೋಡಿ: ವೃಕ್ಷ, ಭುಜಂಗ, ಮಯೂರ, ಮತ್ಸ್ಯ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿ, ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ಟಿ. ಕೃಷ್ಣಮಾಚಾರ್ಯರ ಶಿಷ್ಯರಿಂದಲೂ ಈ ಆಸನಗಳು ಜಗತ್ತಿಗೆಲ್ಲ ಹೋದವು. ಮರದಂತೆ ನಿಲ್ಲು ಎಂದರೆ ಆರು ವರ್ಷದ ಮಗುವೂ ನಿಲ್ಲುತ್ತದೆ. ದೇಹದ ಭಾರವನ್ನು ಎಡಪಾದದ ನಡುವಿಗೆ ತಂದು ಬಲಮಂಡಿಯನ್ನು ಇಷ್ಟು ಡಿಗ್ರಿ ಹೊರಕ್ಕೆ ತಿರುಗಿಸು ಎಂದರೆ ಎಂಜಿನಿಯರನೂ ಬೀಳುತ್ತಾನೆ.

ಮನಸ್ಸಿನ ಚಿತ್ರಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಹುಡುಕುತ್ತಾ ಹೋದಾಗ ಎರಡು ಪ್ರಯೋಗಗಳು ಸಿಕ್ಕವು. ಅಲ್ವಾರೊ ಪಾಸ್ಕುವಲ್-ಲಿಯೋನ್ ಎಂಬ ನರವಿಜ್ಞಾನಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗ ಮೊದಲನೆಯದು. ಪಿಯಾನೊ ಬಾರದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ಒಂದು ಗುಂಪು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ನುಡಿಸಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಪಿಯಾನೊ ಮುಂದೆ ಕುಳಿತು ನುಡಿಸುವುದನ್ನು ಕಲ್ಪಿಸಿಕೊಂಡಿತು, ಅಷ್ಟೇ. ಬೆರಳುಗಳನ್ನು ಆಳುವ ಮಿದುಳಿನ ಭಾಗದಲ್ಲಿ ಎರಡೂ ಗುಂಪಿನವರಿಗೆ ಒಂದೇ ಬಗೆಯ ಬದಲಾವಣೆ ಕಂಡಿತು. ಆದರೆ ಇನ್ನೊಂದು ವಿಷಯವನ್ನೂ ಮರೆಯಬಾರದು. ನುಡಿಸಿದವರಷ್ಟು ತಪ್ಪಿಲ್ಲದೆ ನುಡಿಸಲು ಬರೀ ಕಲ್ಪಿಸಿಕೊಂಡವರಿಗೆ ಆಗಲಿಲ್ಲ. ಕೊನೆಗೆ ಎರಡು ಗಂಟೆ ನಿಜವಾಗಿ ನುಡಿಸಿದ ಮೇಲೆ ಅವರ ಸಮಕ್ಕೆ ಬಂದರು. ಕಲ್ಪನೆ ನೆಲವನ್ನು ಹದ ಮಾಡುತ್ತದೆ, ಬಿತ್ತುವ ಕೆಲಸವನ್ನು ಕೈಕಾಲುಗಳೇ ಮಾಡಬೇಕು.

ಎರಡನೆಯದು ಗೇಬ್ರಿಯೆಲೆ ವುಲ್ಫ್ ಎಂಬ ಸಂಶೋಧಕಿ ಮತ್ತು ಜೊತೆಗಾರರ 1998ರ ಪ್ರಯೋಗ. ಹಿಮದ ಮೇಲೆ ಜಾರುವ ಸ್ಕೀ ಆಟವನ್ನು ಹೋಲುವ ಯಂತ್ರದ ಮೇಲೆ ಜನರನ್ನು ನಿಲ್ಲಿಸಿದರು. ಕೆಲವರಿಗೆ ‘ನಿಮ್ಮ ಪಾದದ ಮೇಲೆ ಗಮನವಿಡಿ’ ಎಂದರು. ಇನ್ನು ಕೆಲವರಿಗೆ ‘ಪಾದದ ಕೆಳಗಿರುವ ಚಕ್ರಗಳ ಮೇಲೆ ಗಮನವಿಡಿ’ ಎಂದರು. ಚೆನ್ನಾಗಿ ಕಲಿತವರು ಎರಡನೆಯವರು. ‘ಕಾಲು ನೋಡ್ಬ್ಯಾಡ’ ಎಂದ ಹರಪನಹಳ್ಳಿ ತಾತ ನೆನಪಾದರು.

ದಸರಾ ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಇದನ್ನು ಕಲಿಸಬೇಕು ಎಂದುಕೊಂಡೆ. ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಮಂಡಿ ಹೆಚ್ಚು ಬಗ್ಗಿಸಬಾರದು, ಮುಂದೆ ಹಿಡಿಯಲು ಗಟ್ಟಿ ಆಸರೆ ಇರಬೇಕು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು ಎಂದರು. ಒಪ್ಪಿದೆ.

ಮೊದಲ ದಿನ ನಾನೇ ಸೋತೆ. ‘ಅಜ್ಜಿ, ಕೈ ಮೋಡದಂಗ ತೇಲಬೇಕು’ ಎಂದೆ. ಅಜ್ಜಿ ಆಕಾಶ ನೋಡಿದಳು. ‘ನಮ್ಮ ಕಡೆ ಮೋಡ ಬಂದು ಹಂಗ ಹೋಗಾವು. ಅದರಾಗ ಏನೈತಿ?’ ಎಂದಳು. ನೀರಿನಲ್ಲಿ ಈಜಿದಂತೆ ಎಂದೆ. ಜನ್ಮದಲ್ಲಿ ಈಜಿದವಳಲ್ಲ. ಚೀನಾದ ರೈತನಿಗೆ ಎದುರಿಗೇ ಕಾಣುತ್ತಿದ್ದ ರೇಷ್ಮೆಗೂಡು, ಕೊಕ್ಕರೆ, ಮೋಡವನ್ನು ನಾನು ಕನ್ನಡಕ್ಕೆ ತಂದಿದ್ದೆ. ಅಜ್ಜಿಯ ಮೈಗೆ ತಂದಿರಲಿಲ್ಲ.

ಸಂಜೆ ಪಡಸಾಲೆಯ ಮೂಲೆಯಲ್ಲಿದ್ದ ಬೀಸುವ ಕಲ್ಲು ಕಣ್ಣಿಗೆ ಬಿತ್ತು. ‘ಅಜ್ಜಿ, ಬೀಸುವಾಗ ಜೋರು ಕೈಯಾಗ ಇರತಿತ್ತೋ, ನಡದಾಗೋ?’ ಎಂದು ಕೇಳಿದೆ.

ಅಜ್ಜಿಯ ಮುಖ ಅರಳಿತು. ‘ಬರೇ ಕೈಲೆ ಬೀಸಿದ್ರ ಎರಡು ಸೇರಿಗೆ ರಟ್ಟಿ ಬಿದ್ದು ಹೋಗ್ತಾವ. ನಡ ತಿರುಗಬೇಕು, ಕೈ ತಾನ ಹಿಂದ ಬರ್ತೈತಿ.’

ತೈ ಚಿಯ ಪುಸ್ತಕಗಳೆಲ್ಲ ಹೇಳುವುದು ಇದನ್ನೇ. ಸೊಂಟ ಮುನ್ನಡೆಸಬೇಕು, ಕೈ ಹಿಂಬಾಲಿಸಬೇಕು. ‘ಹಂಗಾದ್ರ ಕಣ್ಮುಚ್ಚಿ ಬೀಸು’ ಎಂದೆ. ಕುರ್ಚಿಯಲ್ಲಿ ಕುಳಿತಲ್ಲೇ ಅಜ್ಜಿ ಇಲ್ಲದ ಕಲ್ಲಿನ ಗೂಟ ಹಿಡಿದು ಬೀಸತೊಡಗಿದಳು. ತುಟಿ ಅಲುಗುತ್ತಿದ್ದವು. ಬೀಸುವ ಪದ ಹೇಳಿಕೊಳ್ಳುತ್ತಿದ್ದಳೋ ಏನೋ. ಬಿದ್ದ ದಿನದಿಂದ ಬಿಗಿದುಕೊಂಡಿದ್ದ ಆ ಬೆನ್ನು ಮೊದಲ ಬಾರಿಗೆ ಆಚೀಚೆ ಹಗುರಾಗಿ ತಿರುಗುವುದನ್ನು ನೋಡಿದೆ. ಅವ್ವ ಅಡುಗೆಮನೆ ಬಾಗಿಲಲ್ಲಿ ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು.

ಮೂರು ದಿನ ಬರೀ ಕುರ್ಚಿಯಲ್ಲಿ ಬೀಸಿದ್ದಾಯಿತು. ನಾಲ್ಕನೇ ದಿನ ಕಟ್ಟಿಗೆಯ ಭಾರದ ಕುರ್ಚಿಯೊಂದರ ಬೆನ್ನು ಹಿಡಿಸಿ ನಿಲ್ಲಿಸಿದೆ, ಪಕ್ಕದಲ್ಲಿ ನಾನು ನಿಂತೆ. ಈಗ ಎರಡು ಕಾಲು ಎರಡು ಕೊಡಗಳಾದವು. ‘ಎಡಗಡೆ ಕೊಡದ ನೀರು ಸಾವಕಾಶ ಬಲಗಡೆ ಕೊಡಕ್ಕ ಹೋಗಲಿ, ಒಂದು ಹನಿ ಚೆಲ್ಲಬಾರದು. ಎಡಗಡೆದು ಪೂರ್ತಿ ಖಾಲಿ ಆದ ಮ್ಯಾಗ ಅದನ್ನ ಎತ್ತು’ ಎಂದೆ. ತುಂಬಿದ ಕಾಲು, ಬರಿದಾದ ಕಾಲು ಎಂದು ತೈ ಚಿಯಲ್ಲೂ ಹೇಳುತ್ತಾರೆ. ನಲವತ್ತು ವರ್ಷ ಬಾವಿಯಿಂದ ನೀರು ಹೊತ್ತವಳಿಗೆ ಇದನ್ನು ವಿವರಿಸಬೇಕಾಗಲಿಲ್ಲ. ತಲೆ ಮೇಲೆ ಸಿಂಬೆ, ಅದರ ಮೇಲೆ ಕೊಡ ಐತೆ ಎಂದಾಗ ಬಾಗಿದ್ದ ಕುತ್ತಿಗೆ ತಾನಾಗಿ ನೆಟ್ಟಗಾಯಿತು. ಚೀನಾದವರು ನೆತ್ತಿಗೆ ಕಟ್ಟಿದ ದಾರ ನಮ್ಮೂರಲ್ಲಿ ಸಿಂಬೆಯಾಯಿತು.

ಆಮೇಲೆ ಚಿತ್ರಗಳನ್ನು ಅಜ್ಜಿಯೇ ಕೊಡತೊಡಗಿದಳು. ಎಷ್ಟು ನಿಧಾನ ಮಾಡಬೇಕು ಎಂದು ಹೇಳಲು ನಾನು ಪರದಾಡುತ್ತಿದ್ದಾಗ, ‘ಮಲ್ಲಿಗಿ ಕಟ್ಟಿದಂಗ ಅನ್ನು’ ಎಂದಳು. ನಮ್ಮತ್ತೆಯನ್ನು ಕೊಟ್ಟಿದ್ದು ಹಡಗಲಿಗೆ. ಅಲ್ಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ದಾರ ಬಿಗಿದರೆ ಮೊಗ್ಗು ತುಂಡಾಗುತ್ತದೆ, ಸಡಿಲ ಬಿಟ್ಟರೆ ಉದುರುತ್ತದೆ. ರೇಷ್ಮೆ ಎಳೆ ತೆಗೆಯುವ ಮಾತಿನ ಅರ್ಥವೂ ಇದೇ ತಾನೆ? ಒಮ್ಮೆ ನಾನು ಅವಸರದಿಂದ ಕೈಯನ್ನು ಮೊದಲು ತಿರುಗಿಸಿದೆ. ಅಜ್ಜಿ ನಕ್ಕಳು: ‘ತೇರಿನ ಗಾಲಿ ಉರುಳಿದ ಮ್ಯಾಗ ಕಳಸ ಅಲುಗಾಡ್ತೈತಿ. ನಿಂದು ಕಳಸನ ಮೊದಲು ಹೊಂಟೈತಲ್ಲೋ!’ ಕೊಟ್ಟೂರಿನ ತೇರನ್ನು ಜೀವಮಾನವೆಲ್ಲ ನೋಡಿದ ಕಣ್ಣು ಅದು.

ಒಂದು ಮಧ್ಯಾಹ್ನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಗೆಳೆಯರ ಜೊತೆ ಹೋಗಿದ್ದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಪಕ್ಷಿಧಾಮ ಅದು. ನೀರಿನಲ್ಲಿ ಬೆಳ್ಳಕ್ಕಿಯೊಂದು ಒಂದು ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು, ಇನ್ನೊಂದನ್ನು ಮುಂದೆ ಸುಮ್ಮನೆ ತಾಗಿಸಿ ನಿಂತಿತ್ತು. ಮೊಬೈಲಿನಲ್ಲಿ ನೂರು ಸಲ ನೋಡಿದ್ದ ಬಿಳಿ ಕೊಕ್ಕರೆ ಭಂಗಿ ಆಗ ಅರ್ಥವಾಯಿತು. ನನ್ನದನ್ನು ನೋಡಿ ಕೂಡ್ಲಿಗಿಯ ಗೆಳೆಯ, ‘ಕೊಕ್ಕರೆ ಅಲ್ಲ ಬಿಡಲೇ, ನಮ್ಮ ಗುಡೇಕೋಟೆ ಕರಡಿ’ ಎಂದ. ನಾನೇನೂ ಬೇಸರಪಟ್ಟುಕೊಳ್ಳಲಿಲ್ಲ. ಚೀನಾದ ‘ಐದು ಪ್ರಾಣಿಗಳ ಆಟ’ ಎಂಬ ಹಳೆಯ ವ್ಯಾಯಾಮದಲ್ಲಿ ಕೊಕ್ಕರೆಯ ಜೊತೆ ಕರಡಿಯೂ ಇದೆ.

ಅಜ್ಜಿ ಈಗ ಹೇಗಿದ್ದಾಳೆ? ಪವಾಡವೇನೂ ಆಗಿಲ್ಲ. ಕೋಲು ಹಿಡಿದು ಓಣಿಯ ಕೊನೆಯ ಬಸವಣ್ಣನ ಗುಡಿಯವರೆಗೆ ಹೋಗಿ ಬರುತ್ತಾಳೆ. ಬಚ್ಚಲುಮನೆಗೆ ಇವತ್ತಿಗೂ ಒಬ್ಬರು ಜೊತೆ ಬೇಕು. ಅಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ, ನೆಲಕ್ಕೆ ಒರಟು ಕಲ್ಲು ಹಾಸಿಸಿದ್ದೇವೆ. ಅದನ್ನು ಯಾವ ಕಲ್ಪನೆಯೂ ಮಾಡಿಕೊಡುವುದಿಲ್ಲ. ಬಿದ್ದ ಚಿತ್ರವೂ ಪೂರ್ತಿ ಹೋಗಿಲ್ಲವಂತೆ. ‘ಅದು ಬಂದಾಗ ಕೊಡ ನೆನಸ್ತೀನಿ’ ಎನ್ನುತ್ತಾಳೆ.

ಇದನ್ನು ಬರೆಯಲು ಕಾರಣ ನನ್ನ ವಯಸ್ಸಿನವರು. ಈಗ ಯಾವ ರೀಲ್ಸ್ ತೆರೆದರೂ ‘ವಿಷುವಲೈಸ್ ಮಾಡಿ’ ಎಂಬ ಉಪದೇಶ. ಕಣ್ಮುಚ್ಚಿ ದೊಡ್ಡ ಪ್ಯಾಕೇಜ್, ಕಾರು, ಚಪ್ಪಾಳೆ ನೋಡಿ, ಎಲ್ಲ ತಾನಾಗಿ ಬರುತ್ತದೆ ಎನ್ನುತ್ತಾರೆ. ನಾನೂ ಒಂದಿಷ್ಟು ದಿನ ಹಾಗೆ ಮಾಡಿದ್ದೆ. ಕಣ್ಣು ಬಿಟ್ಟಾಗ ಪುಸ್ತಕ ಇನ್ನಷ್ಟು ದಪ್ಪ ಕಾಣುತ್ತಿತ್ತು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಪರೀಕ್ಷೆಗೆ ಮುನ್ನ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಬಗೆಯ ಕಲ್ಪನೆ ಕೊಟ್ಟಿದ್ದರು. ಕೆಲವರು ಒಳ್ಳೆಯ ಅಂಕ ಬಂದ ಕ್ಷಣವನ್ನು ಕಂಡುಕೊಳ್ಳಬೇಕಿತ್ತು. ಇನ್ನು ಕೆಲವರು ಎಲ್ಲಿ, ಯಾವಾಗ, ಹೇಗೆ ಕುಳಿತು ಓದುತ್ತೇನೆ ಎಂಬುದನ್ನು ಕಂಡುಕೊಳ್ಳಬೇಕಿತ್ತು. ಹೆಚ್ಚು ಓದಿದವರೂ ಹೆಚ್ಚು ಅಂಕ ಪಡೆದವರೂ ಎರಡನೆಯವರೇ.

ಫಲದ ಚಿತ್ರ ನೋಡಿದರೆ ಮನಸ್ಸು ಈಗಾಗಲೇ ಉಂಡಂತೆ ಸುಮ್ಮನಾಗುತ್ತದೆ. ಸೋಲಿನ ಚಿತ್ರ ನೋಡಿದರೆ ಮೈ ಬಿಗಿಯುತ್ತದೆ. ಮಾಡುವ ಕೆಲಸದ ಚಿತ್ರ ನೋಡಿದರೆ ಮಾತ್ರ ಕೈ ಮುಂದೆ ಹೋಗುತ್ತದೆ. ನಾನು ಮಲಗುವ ಮುಂಚೆ ಒಂದೇ ಚಿತ್ರ ನೋಡತೊಡಗಿದೆ: ಬೆಳಿಗ್ಗೆ ಆರಕ್ಕೆ ಟೆರೇಸಿನಿಂದ ಇಳಿದು, ಟೇಬಲ್ಲಿಗೆ ಕುಳಿತು, ಫೊರಿಯರ್ ಸರಣಿಯ ಒಂದು ಲೆಕ್ಕದ ಮೊದಲ ಸಾಲು ಬರೆಯುವುದು. ಅಷ್ಟೇ. ಬೆಳಿಗ್ಗೆ ಎದ್ದು ಅದನ್ನೇ ಮಾಡುವುದು. ಮ್ಯಾಥ್ಸ್ ಪಾಸಾಯಿತು. ಅಂಕ ಹೇಳಿಕೊಳ್ಳುವಷ್ಟೇನಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿದೆ.

ಇನ್ನೊಂದು ಮಾತು ನಮ್ಮ ಊರುಗಳ ಬಗ್ಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವೆಲ್ಲ ಮಳೆ ನಂಬಿ ಬದುಕುವ ಸೀಮೆ. ಮಳೆ ಕೈಕೊಟ್ಟರೆ ದುಡಿಯುವವರು ಬೆಂಗಳೂರಿಗೋ ಮಲೆನಾಡಿಗೋ ಗುಳೆ ಹೋಗುತ್ತಾರೆ. ಓದಿದ ನಮ್ಮಂಥವರು ಕೆಲಸಕ್ಕೆಂದು ಹೋಗುತ್ತೇವೆ. ಮನೆಯಲ್ಲಿ ಉಳಿಯುವವರು ಮುದುಕರು. ಅವರಲ್ಲೊಬ್ಬರು ಬಿದ್ದರೆ ಎತ್ತುವವರು ಯಾರು? ಅಮೆರಿಕದ ಅಟ್ಲಾಂಟಾದಲ್ಲಿ 70 ದಾಟಿದ 200 ಜನರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 15 ವಾರ ತೈ ಚಿ ಕಲಿತ ಗುಂಪಿನವರು ಪದೇ ಪದೇ ಬೀಳುವ ಅಪಾಯ ಸುಮಾರು ಅರ್ಧದಷ್ಟು ಇಳಿದಿತ್ತು. ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಒಂದು ಕಟ್ಟೆ, ಒಂದು ಕುರ್ಚಿ, ಪಕ್ಕದಲ್ಲಿ ನಿಲ್ಲುವ ಒಬ್ಬರು ಸಾಕು.

ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರಗಳು ಪ್ರತಿ ವರ್ಷ ಹಳ್ಳಿಗೆ ಬರುತ್ತವೆ. ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಅದರಲ್ಲಿ ದಿನಕ್ಕೆ ಅರ್ಧ ಗಂಟೆ ಆರೋಗ್ಯ ಕೇಂದ್ರದವರನ್ನು ಕೇಳಿಕೊಂಡು ಹಿರಿಯರ ಜೊತೆ ನಿಂತು ಈ ಸಮತೋಲನದ ಅಭ್ಯಾಸ ಮಾಡಿಸಬಾರದೇಕೆ? ತೈ ಚಿ ಎಂಬ ಹೆಸರೂ ಬೇಕಿಲ್ಲ. ವ್ಯಾಯಾಮದ ಹಾಳೆ ಕೊಡುವವರಲ್ಲೂ ಒಂದು ವಿನಂತಿ. ‘30 ಡಿಗ್ರಿ’ಯ ಪಕ್ಕದಲ್ಲಿ ಒಂದು ಕೊಡವನ್ನೋ ಮೊರವನ್ನೋ ಬರೆಯಿರಿ. ಕಲಿಯುವವರ ಮೈಗೆ ಮೊದಲೇ ಗೊತ್ತಿರುವ ಒಂದು ಚಿತ್ರ ಸಾಕು. ಅದನ್ನು ತಿಳಿಯಲು ಮೊದಲು ಅವರನ್ನು ಕೇಳಬೇಕು: ನೀವು ಏನು ಮಾಡಿಕೊಂಡು ಬದುಕಿದಿರಿ?

ಹೋದ ತಿಂಗಳು ಊರಿಗೆ ಹೋದಾಗ ಕಟ್ಟೆಯ ಮೇಲೆ ಪಕ್ಕದ ಮನೆಯ ಅಜ್ಜಿಯೂ ಕುಳಿತಿದ್ದಳು. ಅವಳ ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಇಬ್ಬರೂ ಕಣ್ಮುಚ್ಚಿ, ಇಲ್ಲದ ಕಲ್ಲನ್ನು ಎದುರುಬದುರು ಕುಳಿತು ಬೀಸುತ್ತಿದ್ದರು. ‘ಎಷ್ಟು ಬೀಸಿದ್ರಿ?’ ಎಂದು ಕೇಳಿದೆ.

ಅಜ್ಜಿ ಕಣ್ಣು ಬಿಡದೆ ಹೇಳಿದಳು: ‘ಇನ್ನೂ ಒಂದು ಸೇರು ಐತಿ. ನೀನೂ ಬಾ, ಕುಂದ್ರು.’